ಉಪ್ಪು ನೋಡದ ಅಡುಗೆ

ಟಕ್ ಟಕ್ ಟಕ್ ಟಕ್. ಆ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ. ಬೈಲಹೊಂಗಲದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೊಮ್ಮಗಳು ಮರದ ಹಲಗೆಯ ಮೇಲೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಸಪ್ಪಳ. ನಮ್ಮಲ್ಲಿ ಅದುವರೆಗೆ ಕಾಯಿಪಲ್ಲೆ ಹೆಚ್ಚುವುದಕ್ಕೆ ಸದ್ದೇ ಇರಲಿಲ್ಲ. ಈಳಿಗೆಯ ಮುಂದೆ ಒಂದು ಕಾಲು ಮಡಚಿ ಕುಳಿತು ಬದನೆಕಾಯಿಯನ್ನು ಅಲಗಿಗೆ ಒತ್ತಿದರೆ ಅದು ಸುಮ್ಮನೆ ಎರಡಾಗಿ ಬುಟ್ಟಿಗೆ ಬೀಳುತ್ತಿತ್ತು. ನನ್ನ ಅತ್ತೆ ಹಾಗೆ ಹೆಚ್ಚಿದರು, ನಾನು ಹಾಗೆ ಹೆಚ್ಚಿದೆ, ಸೊಸೆ ಇವತ್ತಿಗೂ ಹಾಗೆಯೇ ಹೆಚ್ಚುತ್ತಾಳೆ. ಅಲಗು ನಿಂತಲ್ಲೇ ನಿಂತಿರುತ್ತದೆ, ಕೈ ಎಚ್ಚರದಿಂದ ಅದರ ಹತ್ತಿರ ಹೋಗುತ್ತದೆ. ಈ ಹುಡುಗಿಯ ಚಾಕು ಮಾತ್ರ ತಾನೇ ಎದ್ದು ಕೈಯ ಹತ್ತಿರ ಬರುತ್ತಿತ್ತು.

ಫೋನಿನಲ್ಲಿ ಯಾರೋ ಹೆಚ್ಚುವುದನ್ನು ನೋಡಿ ನೋಡಿ ಕಲಿತಿದ್ದಳು. ಮೊದಲು ತಡೆತಡೆದು ಬರುತ್ತಿದ್ದ ಸದ್ದು ದಿನ ಕಳೆದಂತೆ ಮಳೆ ಹನಿಯ ಹಾಗೆ ಒಂದಕ್ಕೊಂದು ಅಂಟಿಕೊಂಡಿತು. ಸದ್ದು ಇರುವಷ್ಟು ಹೊತ್ತು ನನಗೆ ಅಂಜಿಕೆ. ಅದು ಒಮ್ಮೆಲೇ ನಿಂತರೆ ಇನ್ನೂ ಹೆಚ್ಚು ಅಂಜಿಕೆ. ಬೆರಳು ಹೋಯಿತೇನೋ ಎಂದು ಜಪಮಣಿ ಬಿಟ್ಟು ಎದ್ದು ಹೋಗಿ ಬಾಗಿಲಿಗೆ ಕಿವಿ ಕೊಡುತ್ತಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತ ಮಗ ತುತ್ತು ಹಿಡಿದು ಕೇಳಿದ, "ಅವ್ವಾ, ಏನ್ ಸಪ್ಪಳ ಅದು? ಬಡಿಗ್ಯಾ ಬಂದಾನೇನು?"

"ನಿನ್ನ ಮಗಳು," ಎಂದೆ.

ಬಾಗಿಲು ತೆರೆದು ಅವಳೇ ಹೊರಗೆ ಬಂದಳು. ಪಿಯುಸಿ ರಿಸಲ್ಟ್ ಬಂದು ಸ್ವಲ್ಪ ದಿನವಾಗಿತ್ತು, ಮುಂದೇನು ಎಂಬ ಮಾತು ಮನೆಯಲ್ಲಿ ದಿನವೂ ನಡೆದಿತ್ತು. ಕಣ್ಣೀರು ಒರೆಸಿಕೊಳ್ಳುತ್ತಿದ್ದಳು, ಉಳ್ಳಾಗಡ್ಡಿಯದು. "ಅಪ್ಪಾ, ನಾ ಅಡಿಗಿ ಕಲಿಸೋ ಸಾಲಿಗೆ ಹೋಗತೇನಿ," ಎಂದಳು.

ಮಗನಿಗೆ ನಗು ಬಂತು. "ಅಡಿಗಿ ಕಲಿಯಾಕ ಸಾಲಿ ಯಾಕ ಬೇಕು? ನಿಮ್ಮವ್ವ ಅದಾಳ, ನಿಮ್ಮ ಆಯಿ ಅದಾಳ. ಹಾಸ್ಟೆಲ್ ಬ್ಯಾಡ, ಯೂನಿಫಾರ್ಮ್ ಬ್ಯಾಡ."

"ನೀ ಹತ್ತಿ ವ್ಯಾಪಾರ ಯಾರ ಕಡೆ ಕಲತಿ?"

"ನಮ್ಮಪ್ಪನ ಕಡೆ."

"ಅದಕ್ಕ ನಿನಗ ಬೈಲಹೊಂಗಲ ಬಿಟ್ಟ ಬ್ಯಾರೆ ಪ್ಯಾಟಿ ಗೊತ್ತಿಲ್ಲ," ಎಂದಳು. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಗ ಸಿಟ್ಟಾಗಲಿಲ್ಲ, ಮಗಳ ಮೇಲೆ ಅವನಿಗೆ ಸಿಟ್ಟು ಬರುವುದಿಲ್ಲ. ಸಿಟ್ಟಿಗಿಂತ ಕೆಟ್ಟ ಕೆಲಸ ಮಾಡಿದ. ತಿರುಗಿ ನನ್ನನ್ನು ನೋಡಿದ.

"ಅವ್ವಾ, ಮನ್ಯಾಗ ಇಂಗ್ಲೀಷ ಓದಿದಾಕಿ ನೀನ. ನೀನ ಹೋಗಿ ಸಾಲಿ ನೋಡಿ ಬಾ. ನೀ ಹೂಂ ಅಂದ್ರ ನಂದೂ ಹೂಂ. ಇಲ್ಲಾ ಅಂದ್ರ ಇಲ್ಲೇ ಬಿ.ಕಾಂ."

ಹುಡುಗಿ ಅಪ್ಪನನ್ನು ಬಿಟ್ಟು ನನ್ನತ್ತ ನೋಡತೊಡಗಿದಳು. ಅವಳ ಮುಂದಿನ ಬಾಳೆಲ್ಲ ನನ್ನ ಒಂದು ಹೂಂ ಮೇಲೆ ನಿಂತಂತಾಯಿತು. ಐ ವಾಸ್ ಅಫ್ರೇಡ್. ಕನ್ನಡದಲ್ಲಿ ಅಂಜಿದೆ ಎಂದರೆ ಅಂಜಿಕೆ ಬಂದು ಹೋದ ಹಾಗಾಗುತ್ತದೆ. ನನ್ನದು ಬಂದು ಕುಳಿತದ್ದು.

ಯಾಕೆ ಎಂದು ಹೇಳುತ್ತೇನೆ. ಹುಡುಗಿಯಾಗಿದ್ದಾಗ ನನ್ನನ್ನು ರಾಮದುರ್ಗದಿಂದ ಬೆಳಗಾವಿಯ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದರು. ಡೈನಿಂಗ್ ಹಾಲಿನಲ್ಲಿ ಮಾಂಸ ತಿನ್ನದ ನಮ್ಮಂಥವರಿಗೆ ಬೇರೆ ಟೇಬಲ್ ಇತ್ತು, ಅದು ಅಡುಗೆಮನೆಯ ಬಾಗಿಲಿಗೆ ಎದುರಾಗಿತ್ತು. ಒಳಗೆ ಅಡುಗೆಯ ಸಿಸ್ಟರ್ ದೊಡ್ಡ ಪಾತ್ರೆಯಲ್ಲಿ ಸೂಪ್ ತಿರುವಿ, ಸೌಟಿನಿಂದಲೇ ಸುರ್ ಎಂದು ರುಚಿ ನೋಡಿ, ಅದೇ ಸೌಟನ್ನು ನಮ್ಮ ಬೇಳೆಯಲ್ಲಿ ಅದ್ದುತ್ತಿದ್ದರು. ತುಂಬಾ ಪ್ರೀತಿಯ ಹೆಂಗಸು, ನನ್ನ ಜಡೆಯ ರಿಬ್ಬನ್ ಕಟ್ಟಿಕೊಟ್ಟವರು. ಆದರೆ ಆ ಸೌಟು ಎಲ್ಲೆಲ್ಲಿ ಹೋಗಿ ಬಂದಿದೆಯೋ ಎಂಬ ಭಯದಲ್ಲಿ ನಾನು ಬೇಳೆ ಮುಟ್ಟದೆ ಅನ್ನ ಮೊಸರಿನಲ್ಲೇ ಸಾಲಿ ಮುಗಿಸಿದೆ. ಇಂಗ್ಲಿಷ್ ಬಂತು, ಪಿಯಾನೋದಲ್ಲಿ ಎರಡು ಟ್ಯೂನ್ ಬಂದವು, ಸೌಟಿನ ಭಯ ಮಾತ್ರ ಹೋಗಲಿಲ್ಲ.

ಮದುವೆಯಾಗಿ ಬಂದ ಮನೆಯಲ್ಲಿ ಆ ಭಯಕ್ಕೆ ಒಂದು ನೆಲೆ ಸಿಕ್ಕಿತು. ಇಲ್ಲಿ ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ. ಒಲೆಯಿಂದ ಇಳಿದದ್ದು ಮೊದಲು ದೇವರ ಜಗಲಿಗೆ ಎಡೆಯಾಗಿ ಹೋಗಬೇಕು, ಆಮೇಲೆ ಮನುಷ್ಯರ ನಾಲಗೆಗೆ. ಹಾಗಾದರೆ ಉಪ್ಪು ಎಷ್ಟಾಯಿತು ಎಂದು ತಿಳಿಯುವುದು ಹೇಗೆ? ಕೈಯಿಂದ. ಬಣ್ಣದಿಂದ. ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವ ಹಬೆಯಿಂದ. ಅತ್ತೆ ನನಗೆ ಕಲಿಸಿದರು, ನಾನು ಮೊಮ್ಮಗಳಿಗೆ ಕಲಿಸಿದೆ. ಸೊಸೆ ಮಗನ ಜೊತೆ ಅಂಗಡಿಯ ಲೆಕ್ಕ ನೋಡುತ್ತಿದ್ದುದರಿಂದ ಹುಡುಗಿ ಬೆಳೆದದ್ದು ನನ್ನ ಒಲೆಯ ಹತ್ತಿರ. ಅವಳು ಚಿಕ್ಕವಳಿದ್ದಾಗ ಒಮ್ಮೆ ಸಾರಿನಲ್ಲಿ ಬೆರಳದ್ದಿ ಬಾಯಿಗಿಟ್ಟಿದ್ದಳು. ನಾನು ಬಯ್ಯಲಿಲ್ಲ. ಇಡೀ ಸಾರನ್ನು ಎಮ್ಮೆಯ ಬಾನಿಗೆ ಸುರಿದು ಮತ್ತೊಮ್ಮೆ ಒಲೆ ಹೊತ್ತಿಸಿದೆ. ಆಮೇಲೆ ಅವಳು ಎಂದೂ ಅದ್ದಲಿಲ್ಲ.

ಮೊದಲು ನೋಡಿದ್ದು ಕಿತ್ತೂರಿನ ಹತ್ತಿರ ಹೈವೇ ಮೇಲಿನ ಸಾಲಿ. ಕೆಳಗೆ ಹೋಟೆಲ್, ಮೇಲೆ ಸಾಲಿ. ಬೋರ್ಡಿನ ಮೇಲೆ ಹಸಿರು ಅಕ್ಷರದಲ್ಲಿ ಪ್ಯೂರ್ ವೆಜ್ ಎಂದು ಬರೆದದ್ದು ಬಸ್ಸಿನಿಂದ ಇಳಿಯುವಾಗಲೇ ಕಂಡಿತು. ನನ್ನ ಅರ್ಧ ಅಂಜಿಕೆ ಅಲ್ಲೇ ಇಳಿಯಿತು.

"ಬರ್ರಿ ಬರ್ರಿ ಅಮ್ಮಾರ, ಕುಂದರ್ರಿ," ಎಂದು ಅಲ್ಲಿಯ ಪ್ರಿನ್ಸಿಪಾಲ್ ಫ್ಯಾನ್ ಹಚ್ಚಿದರು. "ಇಲ್ಲಿ ತತ್ತಿ ಸುದ್ದಾ ಒಳಗ ಬರಂಗಿಲ್ಲ. ಉಳ್ಳಾಗಡ್ಡಿ ಬ್ಯಾಡ ಅಂದ್ರ ಅದಕ್ಕೂ ಬ್ಯಾರೆ ಬ್ಯಾಚ್ ಮಾಡೋಣು."

ನಾನು ಪ್ರಾಸ್ಪೆಕ್ಟಸ್ ಓದಿದೆ. ದಪ್ಪ ಕಾಗದ, ಬಣ್ಣದ ಚಿತ್ರಗಳು, ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಮಾತು. ಮೊಮ್ಮಗಳು ಅದನ್ನು ತೆರೆಯಲೇ ಇಲ್ಲ.

"ಸರ್, ಒಂದ ಒಲಿಗೆ ಎಷ್ಟ ಮಂದಿ ರೀ?" ಎಂದು ಕೇಳಿದಳು.

"ಅದು ಆಯಾ ಬ್ಯಾಚಿನ ಮ್ಯಾಲೆ ಐತವ್ವಾ."

"ಹ್ವಾದ ವರ್ಷ ಕಲತವ್ರು ಈಗ ಎಲ್ಲಿ ಕೆಲಸಕ್ಕ ಅದಾರ್ರಿ?"

"ಎಲ್ಲಾ ಕಡೆ ಅದಾರ," ಎಂದು ಕೈಯನ್ನು ಕಿಟಕಿಯ ಕಡೆಗೆ ಬೀಸಿದರು. ಕಿಟಕಿಯಾಚೆ ಲಾರಿಗಳು ಓಡುತ್ತಿದ್ದವು.

ಆಮೇಲೆ ಅವಳು ನೀರು ಕುಡಿದು ಬರುತ್ತೇನೆಂದು ಕೆಳಗೆ ಹೋದಳು. ಬಹಳ ಹೊತ್ತಾದರೂ ಬಾರದ್ದಕ್ಕೆ ಹೆದರಿ ನಾನೂ ಹೋದೆ. ಹೋಟೆಲಿನ ಹಿಂದೆ ಒಬ್ಬ ಹುಡುಗಿ ಒದ್ದೆ ಚಪ್ಪಲಿಯಲ್ಲಿ ಕುಳಿತು ಗುಡ್ಡದಷ್ಟು ಬಟಾಟಿ ಸುಲಿಯುತ್ತಿದ್ದಳು. ಮೈಮೇಲೆ ಸಾಲಿಯ ಬಿಳಿ ಕೋಟು. ಮೋರಿ ಕಟ್ಟಿಕೊಂಡು ನೀರು ನಿಂತಿತ್ತು, ಹೊಗೆ ಎಳೆಯುವ ಫ್ಯಾನನ್ನು ಸುತಳಿ ಹಗ್ಗದಿಂದ ಕಟ್ಟಿದ್ದರು. ಮೊಮ್ಮಗಳು ಮೊಣಕಾಲೂರಿ ಅವಳೊಡನೆ ಮಾತಾಡುತ್ತಿದ್ದಳು.

ಬಸ್ಸಿನಲ್ಲಿ ಹೇಳಿದಳು, "ಆಯಿ, ಆಕಿ ಬಂದಾಗಿಂದ ಬರೇ ಬಟಾಟಿ ಸುಲಿಯಾಕತ್ತಾಳ. ಅದು ಸಾಲಿ ಅಲ್ಲ. ಹೋಟೆಲಿಗೆ ಪುಕ್ಕಟೆ ಆಳು ಬೇಕಾಗ್ಯಾರ."

"ಎಲ್ಲಾರೂ ಮೊದಲ ಬಟಾಟಿನ ಸುಲೀತಾರ. ಪ್ಯೂರ್ ವೆಜ್ ಐತಿ. ಸಂಜೀಕೆ ಮನಿಗೆ ಬರತಿ. ಮತ್ತೇನ ಬೇಕ ನಿನಗ?"

ಅವಳು ಜಗಳವಿಲ್ಲದ ದನಿಯಲ್ಲಿ ಹೇಳಿದಳು, "ಆಯಿ, ನೀ ನೋಡಾಕತ್ತಿದ್ದು ಸಾಲಿ ಎಷ್ಟ ಚಲೋ ಐತಿ ಅಂತ ಅಲ್ಲ. ನಿನಗ ಎಲ್ಲಿ ಅಂಜಿಕಿ ಕಮ್ಮಿ ಅಂತ."

ಮಾತು ಚುಚ್ಚಿತು. ನಾನ್‌ಸೆನ್ಸ್ ಎಂದು ಇಂಗ್ಲಿಷಿನಲ್ಲಿ ಬೈದು ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೆ ಅದೇ ಟಕ್ ಟಕ್.

ಎರಡನೆಯದು ಧಾರವಾಡದಲ್ಲಿತ್ತು. ಅವಳೇ ಹುಡುಕಿದ್ದು. ಪ್ರಾಸ್ಪೆಕ್ಟಸ್ ಎಂದರೆ ಒಂದು ತೆಳ್ಳಗಿನ ಹಾಳೆ. ಒಬ್ಬೊಬ್ಬರಿಗೂ ಬೇರೆ ಒಲೆ, ಬೇರೆ ಕಟ್ಟೆ. ನೆಲ ನಮ್ಮ ಕಾನ್ವೆಂಟಿನ ಚಾಪೆಲ್ಲಿನ ಹಾಗೆ ಹೊಳೆಯುತ್ತಿತ್ತು. ಅಡುಗೆಮನೆಗೂ ವರಾಂಡಕ್ಕೂ ನಡುವೆ ಉದ್ದಕ್ಕೆ ಗಾಜು, ಹೊರಗೆ ನಿಂತವರಿಗೆ ಒಳಗಿನದೆಲ್ಲ ಕಾಣುತ್ತದೆ. ಕಲಿಸುವವರು ನಡುವಯಸ್ಸಿನ ಮೇಡಂ, ಮಾತು ಕಡಿಮೆ. ಅವರು ತೋಳು ಮಡಚಿದಾಗ ಮೊಣಕೈವರೆಗೆ ಬರೆ ಎಳೆದಂಥ ಕಪ್ಪು ಗೆರೆಗಳು ಕಂಡವು.

"ಏನ್ರಿ ಅದು ಕೈ ಮ್ಯಾಲೆ?" ಎಂದು ಕೇಳದೆ ಇರಲಾಗಲಿಲ್ಲ.

"ಓವನ್ ರೀ ಅಜ್ಜಿ. ಈ ಕೆಲಸದಾಗ ಎಲ್ಲಾರಿಗೂ ಆಗ್ತಾವ," ಎಂದರು, ಮಳೆ ಬಂದರೆ ತೊಯ್ಯುತ್ತದೆ ಎನ್ನುವ ಹಾಗೆ.

ನಾನು ಮೊಮ್ಮಗಳ ಕೈ ನೋಡಿದೆ. ನಯವಾದ ಕೈ, ಕಡ್ಡಿ ಬಳೆ.

ಅಲ್ಲಿ ಸೇರಬೇಕಾದರೆ ಮನೆಯ ಒಂದು ಅಡುಗೆ ಮಾಡಿ ತೋರಿಸಬೇಕು. ಅವಳು ಎಣ್ಣೆಗಾಯಿ ಆರಿಸಿಕೊಂಡಳು. ಮುಳ್ಳುಬದನೆ, ಶೇಂಗಾ ಪುಡಿ, ಗುರೆಳ್ಳು, ಮನೆಯ ಮಸಾಲೆ ಖಾರ, ಎಲ್ಲ ಬೈಲಹೊಂಗಲದಿಂದಲೇ ಕಟ್ಟಿಕೊಂಡು ಹೋಗಿದ್ದೆವು. ನಾನು ಗಾಜಿನಾಚೆ ನಿಂತೆ. ಅಕ್ಕಪಕ್ಕದ ಒಲೆಗಳಲ್ಲಿ ಉಳಿದ ಹುಡುಗ ಹುಡುಗಿಯರು ಗಳಿಗೆಗೊಮ್ಮೆ ಚಮಚ ಅದ್ದಿ ಚಪ್ಪರಿಸುತ್ತಿದ್ದರು. ಇವಳು ಮುಚ್ಚಳ ತೆಗೆದು ಹಬೆಗೆ ಮುಖ ಕೊಟ್ಟಳು, ಎಣ್ಣೆ ಅಂಚಿಗೆ ಬಿಟ್ಟದ್ದನ್ನು ನೋಡಿದಳು, ಮೂರು ಬೆರಳಲ್ಲಿ ಇನ್ನಷ್ಟು ಉಪ್ಪು ಉದುರಿಸಿದಳು. ನನ್ನದೇ ಕೈ ಅಲ್ಲಿ ಆಡುತ್ತಿದೆ ಎನಿಸಿ ಸ್ವಲ್ಪ ಹೊತ್ತು ಅಂಜಿಕೆ ಮರೆತು ನಿಂತಿದ್ದೆ.

ಮೇಡಂ ಬಂದು ಒಂದು ಬದನೆಕಾಯಿ ಮುರಿದು ತಿಂದರು. ಬಾಗಿಲು ತೆರೆದಿತ್ತು, ಮಾತು ನನಗೆ ಕೇಳುತ್ತಿತ್ತು.

"ಉಪ್ಪು ಸರಿ ಅದ. ಆದ್ರ ನೀ ಒಮ್ಮೆನೂ ರುಚಿ ನೋಡಲಿಲ್ಲ. ನಾ ನೋಡಾಕತ್ತೀನಿ."

"ನಮ್ಮ ಮನ್ಯಾಗ ನೋಡಂಗಿಲ್ರಿ ಮೇಡಂ. ಎಡಿ ಆಗೂತನ ಬಾಯಿಗೆ ಹಚ್ಚಂಗಿಲ್ಲ."

"ಮತ್ತ ಉಪ್ಪು ಹ್ಯಾಂಗ ತಿಳೀತು?"

"ಕೈಗೆ ತಿಳೀತೈತ್ರಿ."

"ನಿಮ್ಮ ಮನಿ ಬೋಗಾಣಿ, ನಿಮ್ಮ ಮನಿ ಮಂದಿ, ಕೈಗೆ ತಿಳೀತದ. ಇಲ್ಲಿ ನಾಳೆ ಇನ್ನೂರು ಮಂದೀದು ಬಂದ್ರ? ನೀ ಹುಟ್ಟಾ ಕಂಡಿರದ ಅಡಿಗಿ ಬಂದ್ರ? ಆಗ ನಿನ್ನ ಕೈ ಏನ್ ಹೇಳ್ತದ?" ಮೇಡಂ ಒಂದು ತೊಳೆದ ಚಮಚ ಅವಳ ಕೈಗಿಟ್ಟರು. "ತೊಗೊ. ಈಗ ನೋಡು."

ಅದು ಅವಳೇ ಮಾಡಿದ ಎಣ್ಣೆಗಾಯಿ. ಅದರಲ್ಲಿ ಮುಟ್ಟಬಾರದ್ದು ಏನೂ ಇರಲಿಲ್ಲ. ಅವಳು ಚಮಚ ಅದ್ದಿದಳು, ತುಟಿಯ ಹತ್ತಿರ ತಂದಳು. ಅಲ್ಲಿ ಕೈ ನಿಂತಿತು. ತಲೆಯೆತ್ತಿ ಗಾಜಿನೊಳಗಿಂದ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ ನನಗೆ ತಿಳಿಯದು, ನಾನಂತೂ ಕೈಯಿಂದ ಬೇಡವೆನ್ನಲಿಲ್ಲ. ಅವಳು ಚಮಚವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು.

ಮೇಡಂ ಬಯ್ಯಲಿಲ್ಲ. "ಸೋಮವಾರ ಇನ್ನೊಮ್ಮೆ ಬಾ. ರುಚಿ ನೋಡೋದಿದ್ರ ಬಾ. ಇಲ್ಲಂದ್ರ ಬರಬ್ಯಾಡ, ನನಗ ಕಲಿಸಾಕ ಆಗಂಗಿಲ್ಲ," ಎಂದರು. ಆಮೇಲೆ ನನ್ನ ಹತ್ತಿರ ಬಂದು ನಿಂತರು. "ಅಜ್ಜಿ, ಮುಚ್ಚಿಡಂಗಿಲ್ಲ ನಾ. ಇಲ್ಲಿ ಕೋಳಿ, ಮೀನ, ಎಲ್ಲಾ ಬೇಯಿಸ್ತೀವಿ. ತಿನ್ನು ಅಂತ ಯಾರೂ ಅನ್ನಂಗಿಲ್ಲ. ನಾಲಿಗಿಗೆ ಹಚ್ಚಿ ಉಗುಳಿದ್ರೂ ನಡೀತದ. ಆದ್ರ ಹಚ್ಚಬೇಕು."

"ಅನ್ನ ಉಗುಳೋದೇನ್ರಿ?" ಎಂದು ನನ್ನ ಬಾಯಿಂದ ಬಂತು. ಕೋಳಿಗಿಂತ ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮನೆಗೆ ಬಂದು ಮಗನಿಗೆ, ಇನ್ನೂ ನೋಡುತ್ತಿದ್ದೇವೆ, ಸೋಮವಾರ ಹೇಳುತ್ತೇನೆ ಎಂದೆ. ಆ ವಾರ ಹಿಂದಿನ ಕೋಣೆಯಿಂದ ಸಪ್ಪಳ ಬರಲಿಲ್ಲ. ಬಾರದಿದ್ದರೆ ನೆಮ್ಮದಿ ಎಂದುಕೊಂಡಿದ್ದವಳು ನಾನು. ಕಿವಿ ಆ ಕಡೆಗೇ ಇಟ್ಟುಕೊಂಡು ಕೂರುವಂತಾಯಿತು. ನಾನು ಹೂಂ ಎಂದರೆ ಅವಳ ನಾಲಗೆಗೆ ಏನೇನು ತಗಲುವುದೋ ಎಂಬ ಭಯ. ಇಲ್ಲ ಎಂದರೆ ಈ ಮೌನ ಮನೆಯಲ್ಲೇ ಉಳಿಯುವುದೆಂಬ ಭಯ. ಯಾವ ಕಡೆ ಹೊರಳಿದರೂ ಅದೇ.

ಅಂಜಿಕೆ ಬಂದಾಗ ನಾನು ಹೋಗುವುದು ರಾಮದುರ್ಗಕ್ಕೆ, ತಂಗಿಯ ಮನೆಗೆ. ಮೊಮ್ಮಗಳನ್ನೂ ಕರೆದುಕೊಂಡು ಹೊರಟೆ. ಸವದತ್ತಿಯಲ್ಲಿ ಬಸ್ಸು ಬದಲಿಸಬೇಕು. ಸ್ಟ್ಯಾಂಡಿನ ಹೊರಗೆ ಬಂಡಿಯಲ್ಲಿ ಬಿಸಿಬಿಸಿ ಮಿರ್ಚಿ ಭಜಿ ಕರಿಯುತ್ತಿದ್ದರು, ಎರಡು ಕೊಂಡೆ. ಅವಳು ಒಂದು ಕಚ್ಚಿ, ಕಣ್ಣು ಮುಚ್ಚಿ, ಮೆಲ್ಲಗೆ ಅಗಿದಳು.

"ಕಾಕಾ, ಹಿಟ್ಟಿಗೆ ಅಜಿವಾನ ಹಾಕೀರಿ, ಚಲೋ ಐತಿ. ಎಣ್ಣಿ ಮಾತ್ರ ನಿನ್ನೇದು. ಸೇವು ಕರದ ಎಣ್ಣಿ."

ಭಜಿಯವನು ಜಾಲರಿ ಸೌಟು ಹಿಡಿದ ಕೈ ತಡೆದು ನೋಡಿದ. "ನೀ ಏನವ್ವಾ, ಇನ್‌ಸ್ಪೆಕ್ಟರ್ ಮಗಳೇನು?" ಎಂದ. ಆಮೇಲೆ ದನಿ ತಗ್ಗಿಸಿ, "ಸೇವು ಅಂತ ಹ್ಯಾಂಗ ಗೊತ್ತಾತು?"

"ತುದಿಗೆ ಅರಿಷಿಣ ಬರತೈತಿ, ಅದಕ್ಕ."

ಅವನು ನಕ್ಕು ಇನ್ನೊಂದು ಭಜಿ ಪುಕ್ಕಟೆ ಕೊಟ್ಟ. ನನಗೆ ನಗು ಬರಲಿಲ್ಲ. ಇಂಥ ನಾಲಗೆ ಇವಳಿಗಿದೆ ಎಂದು ನನಗೆ ಆವತ್ತಿನವರೆಗೆ ತಿಳಿದಿರಲಿಲ್ಲ. ಒಲೆಯ ಹತ್ತಿರ ಅದಕ್ಕೆ ಕೆಲಸವೇ ಇರಲಿಲ್ಲವಲ್ಲ. ಬಸ್ಸು ಮುನವಳ್ಳಿ ದಾಟುವವರೆಗೂ ಅದನ್ನೇ ಯೋಚಿಸುತ್ತಿದ್ದೆ.

ತಂಗಿ ನನಗಿಂತ ಚಿಕ್ಕವಳು, ನನ್ನಂತೆಯೇ ಗಂಡನನ್ನು ಕಳೆದುಕೊಂಡವಳು, ಬಾಯಿ ಮಾತ್ರ ಯಾರೂ ಕಳೆಯಲಾಗದ್ದು. ಮೊಮ್ಮಗಳನ್ನು ಹಿತ್ತಲಿಗೆ ಕರಿಬೇವು ತರಲು ಕಳಿಸಿ ನಾನು ಎಲ್ಲ ಹೇಳಿದೆ. ಅವಳು ಶೇಂಗಾ ಸುಲಿಯುತ್ತ ಕೇಳಿದಳು.

"ಅಕ್ಕಾ, ನೀ ಕ್ರಿಸ್‌ಮಸ್ ಸೂಟಿಗೆ ಬರುವಾಗ ಡಬ್ಬಿಯೊಳಗ ಕೇಕ್ ತರತಿದ್ದಿ. ಅದರಾಗ ತತ್ತಿ ಇರಲಿಲ್ಲೇನು?"

"ಸಿಸ್ಟರ್ ನಮಗ ಬ್ಯಾರೆ ಮಾಡಸ್ತಿದ್ರು," ಎಂದೆ.

"ಬ್ಯಾರೆ ಮಾಡಸ್ತಿದ್ರಂತ." ಶೇಂಗಾ ಸಿಪ್ಪೆಯನ್ನು ಉಫ್ ಎಂದು ಊದಿದಳು. "ಇರಲಿ. ನಾ ತಿಂದದ್ದೂ ಅದನ್ನ. ಏನೂ ಆಗಿಲ್ಲ, ನೋಡು, ಗಟ್ಟಿ ಅದೇನಿ."

ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಒಂದ ಮಾತ ಹೇಳಲೇನು? ನಿನ್ನ ಬೆಳಗಾವಿಗೆ ಕಳಿಸಿ ಬಂದ ದಿನ ಅಪ್ಪಾ ಉಣ್ಣಲಿಲ್ಲ. ಹುಡುಗಿ ಅಲ್ಲಿ ಏನ ತಿಂತಾಳೋ, ಯಾರ ಕೈದು ತಿಂತಾಳೋ ಅಂತ ದಿನಾ ಅಂತಿದ್ದ. ಆ ಅಂಜಿಕಿ ನಿನ್ನ ತಡೀಲಿಲ್ಲ, ನೀ ಹೋಗಿಬಿಟ್ಟಿದ್ದಿ. ನನ್ನ ಪಾಳಿ ಬಂದಾಗ ಒಬ್ಬಾಕಿನ್ನ ಕಳಿಸಿ ಸಾಕಾಗೇತಿ ಅಂದ. ನಾ ಇಲ್ಲೇ ಉಳದೆ."

ಇಷ್ಟು ವರ್ಷ ನಾನು ಬೇರೆಯೇ ತಿಳಿದಿದ್ದೆ. ತಂಗಿಗೆ ಓದು ಹತ್ತಲಿಲ್ಲ ಎಂದು ಮನೆಯವರೆಲ್ಲ ಹೇಳುತ್ತಿದ್ದರು, ಅವಳೂ ಹೇಳುತ್ತಿದ್ದಳು. ಕಣ್ಣು ಒರೆಸಿಕೊಂಡೆ.

"ಏ, ಅಳಬ್ಯಾಡ ಈಗ. ನಿನ್ನ ಮ್ಯಾಲೆ ನಂದೇನೂ ಸಿಟ್ಟಿಲ್ಲ," ಎಂದಳು. "ಅಂಜಿಕಿ ಯಾರದೋ ಇರತೈತಿ, ಮನ್ಯಾಗ ಕುಂದ್ರಾಕಿ ಮತ್ತ್ಯಾರೋ ಆಗತಾಳ. ಅದನ್ನಷ್ಟ ಹೇಳಿದೆ." ಅಷ್ಟರಲ್ಲಿ ಮೊಮ್ಮಗಳು ಕರಿಬೇವು ಹಿಡಿದು ಬಂದಳು. ತಂಗಿ ಅವಳಿಗೆ, "ಬಾರವ್ವಾ ಅಡಿಗಿ ಭಟ್ಟರ ಮಗಳ, ನಿಮ್ಮ ಆಯಿಗೆ ಚಾ ಮಾಡು. ಸಕ್ಕರಿ ಎಷ್ಟಾತು ಅಂತ ಕೈಗೆ ಕೇಳು," ಎಂದು ಚುಡಾಯಿಸಿದಳು.

ಮರಳುವ ಬಸ್ಸಿನಲ್ಲಿ ಹುಡುಗಿ ಕಿಟಕಿಗೆ ತಲೆಯಾನಿಸಿದ್ದಳು. ಹೊರಗೆ ಜೋಳ ಕೊಯ್ದ ಕರಿಹೊಲ. ಹೇಳಬೇಕೆಂದು ಎಷ್ಟೋ ಮಾತು ಜೋಡಿಸಿಕೊಂಡಿದ್ದೆ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಧೈರ್ಯವಾಗಿ ಹೋಗು, ದೇವರಿದ್ದಾನೆ, ಬೆರಳು ಜೋಪಾನ. ಬಾಯಿಗೆ ಬಂದದ್ದು ಒಂದೇ.

"ಸೋಮವಾರ ಅಲ್ಲಿ ನನ್ನ ಕಡೆ ನೋಡಬ್ಯಾಡ."

ಅವಳು ತಲೆಯೆತ್ತಿದಳು. ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ನನ್ನ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು. ಅಂಜಿಕೆ ನನಗೊಬ್ಬಳಿಗೇ ಎಂದುಕೊಂಡಿದ್ದೆ.

"ಆಯಿ, ನಂಗೂ ಗೊತ್ತಿಲ್ಲ, ಬಾಯಿಗೆ ಹಚ್ಚಿದ್ರ ಏನಾಕ್ಕೇತೋ. ವಾಂತಿ ಆದ್ರ?"

"ಆದ್ರ ಆಗಲಿ. ತೊಳಕೊಂಡು ಮತ್ತ ನಿಂದ್ರು."

ಸೋಮವಾರ ನಾನು ಗಾಜಿನ ಹತ್ತಿರ ಹೋಗಲೇ ಇಲ್ಲ. ಗೇಟಿನ ಬಳಿ ಬೇವಿನ ಮರದ ಕೆಳಗೆ ವಾಚ್‌ಮನ್ನನ ಕುರ್ಚಿಯಲ್ಲಿ ಕುಳಿತೆ. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು, ಅದು ನನ್ನದೇ ಮನೆಯದು. ಆಮೇಲೆ ಬೇರೆ ವಾಸನೆ ಬಂತು. ಕಾನ್ವೆಂಟಿನ ಅಡುಗೆಮನೆಯ ಬಾಗಿಲಿನಿಂದ ಬರುತ್ತಿದ್ದ ವಾಸನೆ, ಇಷ್ಟು ವರ್ಷದ ಮೇಲೂ ಗುರುತು ಸಿಕ್ಕಿತು. ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಎದ್ದು ಒಳಗೆ ಹೋಗಿ ಅವಳ ಕೈ ಹಿಡಿದು ಎಳೆದು ತರಬೇಕೆನಿಸಿತು. ಕುರ್ಚಿಯ ಹಿಡಿಕೆ ಹಿಡಿದು ಕುಳಿತೇ ಇದ್ದೆ.

"ಯಾಕ್ರಿ ಅಮ್ಮಾ, ಮೈಯಾಗ ಆರಾಮಿಲ್ಲೇನು?" ಎಂದು ವಾಚ್‌ಮನ್ ನೀರು ತಂದುಕೊಟ್ಟ.

ಅವಳು ಹೊರಗೆ ಬಂದಾಗ ಮುಖ ಬೆಳ್ಳಗಾಗಿತ್ತು. ಮೂಗಿನ ತುದಿ ಕೆಂಪು, ಮುಂಗೂದಲು ಒದ್ದೆ. ಮುಖ ತೊಳೆದುಕೊಂಡಿದ್ದಳು. "ಸೀಟು ಸಿಕ್ತು," ಎಂದಳು. ಏನನ್ನು ರುಚಿ ನೋಡಿದಳೆಂದು ನಾನು ಕೇಳಲಿಲ್ಲ. ನುಂಗಿದಳೋ ಉಗುಳಿದಳೋ ಎಂದೂ ಕೇಳಲಿಲ್ಲ. ಅಲ್ಲಿಂದಲೇ ಮಗನಿಗೆ ಫೋನು ಮಾಡಿ, "ಹೂಂ" ಎಂದೆ.

"ಬರೇ ಹೂಂ ಅಂದ್ರ ಏನವ್ವಾ? ಕಿತ್ತೂರೋ, ಧಾರವಾಡೋ?"

"ಧಾರವಾಡ," ಎಂದೆ. ದನಿ ನಡುಗಿದ್ದು ಅವನಿಗೆ ಲೈನ್ ಸರಿಯಿಲ್ಲ ಎನಿಸಿತು.

ಅವಳು ಅಲ್ಲಿ ಕಲಿಯುವಷ್ಟು ದಿನ ರವಿವಾರ ಮನೆಗೆ ಬರುತ್ತಿದ್ದಳು. ಬಂದವಳು ಮೊದಲು ನನ್ನ ಮುಂದೆ ಎರಡೂ ಕೈ ಚಾಚುತ್ತಿದ್ದಳು, ನಾನು ಹುಡುಕುತ್ತೇನೆಂದು ಅವಳಿಗೆ ಗೊತ್ತು. ಒಮ್ಮೆ ಹೆಬ್ಬೆರಳಿಗೆ ಪಟ್ಟಿ, ಒಮ್ಮೆ ಅಂಗೈಗೆ ಗುಳ್ಳೆ, ಕೊನೆಗೆ ಮೊಣಕೈ ಕೆಳಗೆ ಆ ಮೇಡಂ ಕೈಯಲ್ಲಿದ್ದಂಥದೇ ಒಂದು ಕಪ್ಪು ಗೆರೆ. ಕೈ ತೋರಿಸಿ, ಸ್ನಾನ ಮಾಡಿ, ಆಮೇಲೆ ಅಡುಗೆಮನೆಗೆ ಹೋಗುತ್ತಿದ್ದಳು. ನಾನು ಹೇಳಿಕೊಟ್ಟದ್ದಲ್ಲ. ಅಲ್ಲಿ ಕಲಿತ ಏನೇನೋ ಮಾಡುತ್ತಿದ್ದಳು, ಹೂಕೋಸಿನ ಸೂಪ್, ಬೆಣ್ಣೆ ಸವರಿ ಸುಟ್ಟ ಬಟಾಟಿ. ಆದರೆ ನನ್ನ ಒಲೆಯ ಮೇಲೆ ಚಮಚ ಬಾಯಿಗೆ ತರಲಿಲ್ಲ. ಎಡೆಯಾಗುವವರೆಗೆ ಕಾಯುತ್ತಿದ್ದಳು.

"ಯಾಕ, ಇಲ್ಲಿ ನೋಡಂಗಿಲ್ಲೇನು?" ಎಂದು ಒಮ್ಮೆ ಕೇಳಿದೆ.

"ಇದು ನಿನ್ನ ಒಲಿ," ಎಂದಳು. ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳ ಒಲೆ ಬೇರೆ ಎಲ್ಲಿಯೋ ಇದೆ ಎಂಬುದೇ ಕಿವಿಯಲ್ಲಿ ಉಳಿಯಿತು.

ಕಲಿಕೆ ಮುಗಿದ ದಿನ ಮನೆಯವರನ್ನೆಲ್ಲ ಊಟಕ್ಕೆ ಕರೆದಿದ್ದರು, ವಿದ್ಯಾರ್ಥಿಗಳದೇ ಅಡುಗೆ. ಅವತ್ತೇ ಅವಳು ಉಳಿದವರ ಜೊತೆ ರೈಲು ಹತ್ತಿ ದೂರದ ಒಂದು ಊರಿನ ದೊಡ್ಡ ಹೋಟೆಲಿಗೆ ಕೆಲಸಕ್ಕೆ ಹೋಗುವುದಿತ್ತು. ಮಗ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದ. ನಮ್ಮ ಟೇಬಲ್ಲಿಗೆ ಬಂದದ್ದನ್ನೆಲ್ಲ ಮಾತಿಲ್ಲದೆ ಉಂಡು, ಬಡಿಸುವ ಹುಡುಗಿಗೆ ಎಣ್ಣೆಗಾಯಿ ಇನ್ನೊಂದು ತರಲು ಹೇಳಿದ. ಸೊಸೆ ಹೊರಡುವ ಚೀಲದಲ್ಲಿ ಚಟ್ನಿಪುಡಿ ಇಟ್ಟೆನೋ ಇಲ್ಲವೋ ಎಂದು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಳು.

ನಾನು ಎದ್ದು ಕೈ ತೊಳೆದು, ಒರೆಸದೆಯೇ ಗಾಜಿನ ಹತ್ತಿರ ಹೋದೆ. ಬಿಳಿ ಕೋಟು, ಕೂದಲು ಕಾಣದ ಹಾಗೆ ಬಿಳಿ ಟೊಪ್ಪಿಗೆ, ಎಲ್ಲರೂ ಒಂದೇ ಥರ. ಕೈಯಿಂದ ಗುರುತು ಹಿಡಿದೆ. ಅವಳು ದೂರದ ಒಲೆಯ ಮುಂದೆ, ತನ್ನ ಎದೆಮಟ್ಟದ ಒಂದು ಪಾತ್ರೆಯ ಹತ್ತಿರ ನಿಂತಿದ್ದಳು. ಅದು ನಮ್ಮ ಟೇಬಲ್ಲಿನ ಅಡುಗೆಯಲ್ಲ. ಅದರಲ್ಲೇನು ಬೇಯುತ್ತಿತ್ತೋ ನನಗೆ ಗೊತ್ತಿಲ್ಲ. ಅವಳು ಮುಚ್ಚಳ ಸರಿಸಿ, ನಾನು ಕಲಿಸಿದಂತೆ ಮೊದಲು ಹಬೆಗೆ ಮುಖ ಕೊಟ್ಟಳು. ಆಮೇಲೆ ಜೇಬಿನಿಂದ ಚಮಚ ತೆಗೆದು ಅದ್ದಿ, ಊದಿ, ತುಟಿಗೆ ತಂದಳು. ಹಿಂದಿನ ಕೋಣೆಯ ಸಪ್ಪಳ ಒಮ್ಮೆಲೇ ನಿಂತಾಗ ಬಾಗಿಲಿಗೆ ಅಂಟಿಕೊಳ್ಳುತ್ತಿದ್ದಂತೆ ಗಾಜಿಗೆ ಅಂಟಿ ನಿಂತೆ.

ಅವಳ ಕೈ ನಿಲ್ಲಲಿಲ್ಲ. ರುಚಿ ನೋಡಿದಳು. ಸ್ವಲ್ಪ ಹೊತ್ತು ಗೋಡೆಯನ್ನು ದಿಟ್ಟಿಸಿದಳು, ಮೂರು ಬೆರಳಲ್ಲಿ ಉಪ್ಪು ಉದುರಿಸಿದಳು, ಬೇರೆ ಚಮಚ ತೆಗೆದುಕೊಂಡು ಮತ್ತೊಮ್ಮೆ ನೋಡಿದಳು. ತಲೆಯೆತ್ತಿದ್ದರೆ ಗಾಜಿನಾಚೆ ನಾನು ಕಾಣುತ್ತಿದ್ದೆ. ಎತ್ತಲಿಲ್ಲ. ಅಷ್ಟರಲ್ಲಿ ಒಳಗೆ ಯಾರೋ ಕೂಗಿದರು, ಅವಳು ಹೂಂ ಎಂದು ಆ ಕಡೆ ತಿರುಗಿದಳು.

ಸ್ಟೇಷನ್ನಿಗೆ ಮಗ, ಸೊಸೆ ಹೋದರು. ನನ್ನ ಮೊಣಕಾಲಿಗೆ ಆ ಮೆಟ್ಟಿಲು ಆಗುವುದಿಲ್ಲವೆಂದು ಅವಳು ಅಡುಗೆಮನೆಯಿಂದ ಹೊರಗೆ ಬರುವ ಮೊದಲೇ ನನ್ನನ್ನು ಕಾರಿನಲ್ಲಿ ಬೈಲಹೊಂಗಲಕ್ಕೆ ಕಳಿಸಿದರು. ಆಮೇಲೆ ಒಂದು ದೀಪಾವಳಿ ಹೋಯಿತು, ಒಂದು ಯುಗಾದಿ ಹೋಯಿತು. ಹಬ್ಬದ ದಿನವೇ ಅಡುಗೆಯವರಿಗೆ ಹೆಚ್ಚು ಕೆಲಸವಂತೆ, ಸೂಟಿ ಸಿಗುವುದಿಲ್ಲವಂತೆ. ಫೋನಿನಲ್ಲಿ ಮುಖ ತೋರಿಸುತ್ತಾಳೆ, ನಾನು ಕೈ ತೋರಿಸು ಎನ್ನುತ್ತೇನೆ, ಅವಳು ನಗುತ್ತಾಳೆ. ಅದನ್ನು ನೋಡಿದ್ದೆಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಅವಳನ್ನು ನೋಡಿದ್ದು ಆ ಗಾಜಿನಾಚೆಗೇ ಕೊನೆ. ನೋಡಬ್ಯಾಡ ಎಂದು ಹೇಳಿದವಳು ನಾನೇ. ಆದರೂ ಅವಳು ತಿರುಗಿದ ಮೇಲೂ, ಅವಳ ಬೆನ್ನು ಆ ಎಲ್ಲ ಬಿಳಿ ಕೋಟುಗಳಲ್ಲಿ ಯಾವುದೆಂದು ತಿಳಿಯದಾದ ಮೇಲೂ, ಒದ್ದೆ ಕೈಯಲ್ಲೇ ಅಲ್ಲಿ ನಿಂತಿದ್ದೆ.